ಪಾಸ್‌ಪೋರ್ಟ್ ಕೇಳುತ್ತೀರಿ, ಲೈಸೆನ್ಸ್ ಏಕೆ ಕೇಳುವುದಿಲ್ಲ?

ಸ್ಕೂಟರ್ ಬಾಡಿಗೆಗೆ ಕೊಡುವ ಎಲ್ಲ ಮಾಲೀಕರಿಗೆ ಒಂದು ಬಹಿರಂಗ ಪತ್ರ

ಮಾನ್ಯರೇ,

ಪ್ರವಾಸಿಗರು ಬಂದು ಹೋಗುವ ಊರುಗಳಲ್ಲಿ ದಿನದ ಲೆಕ್ಕದಲ್ಲಿ ಸ್ಕೂಟರ್ ಬಾಡಿಗೆಗೆ ಕೊಡುವ ನಿಮಗೆಲ್ಲ ಈ ಪತ್ರ. ನಾನು ನಿಮ್ಮ ಗಿರಾಕಿಗಳಲ್ಲಿ ಒಬ್ಬ. ಬಸ್ಸು ನಿಲ್ಲದ ಕಡೆ ನಿಲ್ಲಲು, ಕಾರು ಹಿಡಿಸದ ದಾರಿಯಲ್ಲಿ ಸಾಗಲು, ಹೊಸ ಊರನ್ನು ಗಾಳಿಗೆ ಮುಖ ಕೊಟ್ಟು ನೋಡಲು ಸ್ಕೂಟರಿನಷ್ಟು ಒಳ್ಳೆಯ ವಾಹನ ಇನ್ನೊಂದಿಲ್ಲ ಎಂದು ನಂಬಿದವನು. ನಿಮ್ಮ ಕಸುಬು ಚೆನ್ನಾಗಿ ನಡೆಯಲಿ ಎಂಬುದೇ ನನ್ನ ಆಸೆ. ಹಾಗಿದ್ದೂ ಒಂದು ಮಾತನ್ನು ನೇರವಾಗಿ ಹೇಳಬೇಕಾಗಿದೆ. ದ್ವಿಚಕ್ರ ವಾಹನದ ಲೈಸೆನ್ಸ್ ತೋರಿಸದವರ ಕೈಗೆ ದಯವಿಟ್ಟು ಕೀ ಕೊಡಬೇಡಿ.

ನಿಮ್ಮ ಕೌಂಟರಿನ ಮುಂದೆ ಸರದಿಯಲ್ಲಿ ನಿಂತು ನೋಡಿದವರಿಗೆ ಅಲ್ಲಿನ ಕ್ರಮ ಬಾಯಿಪಾಠವಾಗಿರುತ್ತದೆ. ಮೊದಲು ಪಾಸ್‌ಪೋರ್ಟ್ ಪಡೆಯುತ್ತೀರಿ. ಪುಟ ತಿರುಗಿಸಿ, ಫೋಟೊವನ್ನೂ ಮುಖವನ್ನೂ ತಾಳೆ ನೋಡುತ್ತೀರಿ. ನೆರಳಚ್ಚು ತೆಗೆಯುತ್ತೀರಿ, ಕೆಲವರು ಪಾಸ್‌ಪೋರ್ಟನ್ನೇ ಡ್ರಾಯರಿನೊಳಗಿಟ್ಟು ಬೀಗ ಹಾಕುತ್ತೀರಿ. ಠೇವಣಿ ಎಣಿಸಿಕೊಳ್ಳುತ್ತೀರಿ. ಆಮೇಲೆ ಗಿರಾಕಿಯನ್ನು ಕರೆದುಕೊಂಡು ಗಾಡಿಯ ಸುತ್ತ ಒಂದು ಪ್ರದಕ್ಷಿಣೆ ಹಾಕುತ್ತೀರಿ. ಎಡಗನ್ನಡಿಯ ಬೆನ್ನಿಗೆ ಒಂದು ಗೀರು, ಮುಂದಿನ ಮಡ್‌ಗಾರ್ಡಿನ ತುದಿಯಲ್ಲಿ ಕೂದಲೆಳೆಯಷ್ಟು ಬಿರುಕು, ಸೀಟಿನ ಅಂಚಿನಲ್ಲಿ ಹೊಲಿಗೆ ಬಿಟ್ಟ ಜಾಗ, ಎಲ್ಲವೂ ಮೊಬೈಲಿನ ವಿಡಿಯೊದಲ್ಲಿ ದಾಖಲಾಗುತ್ತವೆ. ಪೆಟ್ರೋಲಿನ ಮುಳ್ಳು ಎಲ್ಲಿದೆ ಎಂದು ತೋರಿಸಿ, ಮರಳಿ ತರುವಾಗ ಅಲ್ಲಿಗೇ ಇರಬೇಕು ಎನ್ನುತ್ತೀರಿ. ಕೊನೆಗೆ ಮೊಳೆಗೆ ನೇತುಹಾಕಿದ ಹೆಲ್ಮೆಟ್ ತೆಗೆದುಕೊಡುತ್ತ, "ಓಡಿಸಲು ಬರುತ್ತದೆ ತಾನೆ?" ಎಂದು ಕೇಳುತ್ತೀರಿ. ಬರುವುದಿಲ್ಲ ಎಂದು ಯಾರು ತಾನೇ ಹೇಳುತ್ತಾರೆ?

ಇಷ್ಟು ಹೊತ್ತಿನಲ್ಲಿ ಸ್ಕೂಟರಿನ ಕ್ಷೇಮಕ್ಕೆ ಬೇಕಾದ ಪ್ರತಿಯೊಂದನ್ನೂ ನೀವು ಕೇಳಿದ್ದೀರಿ. ಅದರ ಮೇಲೆ ಕೂರುವವರ ಕ್ಷೇಮಕ್ಕೆ, ಅದು ಸಾಗುವ ರಸ್ತೆಯಲ್ಲಿ ನಡೆದಾಡುವವರ ಕ್ಷೇಮಕ್ಕೆ ಬೇಕಾದದ್ದನ್ನು ಮಾತ್ರ ಕೇಳಿಲ್ಲ. ನನ್ನ ಸಂಕಟ ಇದು.

ಓಡಿಸಲು ಬರುತ್ತದೋ ಇಲ್ಲವೋ ಎಂಬುದು ನಿಮಗೆ ತಿಳಿಯದ ಸಂಗತಿಯೂ ಅಲ್ಲ. ಗಿರಾಕಿ ಗಾಡಿಯನ್ನು ಸ್ಟ್ಯಾಂಡಿನಿಂದ ಇಳಿಸುವ ರೀತಿಯಲ್ಲೇ ಅರ್ಧ ಗೊತ್ತಾಗುತ್ತದೆ. ಬ್ರೇಕ್ ಹಿಡಿಯದೆ ಸ್ಟಾರ್ಟ್ ಗುಂಡಿ ಒತ್ತಿ, ಏಕೆ ಶುರುವಾಗುತ್ತಿಲ್ಲ ಎಂದು ನಿಮ್ಮ ಮುಖ ನೋಡಿದರೆ ಇನ್ನರ್ಧವೂ ಗೊತ್ತಾಗುತ್ತದೆ. ಅಂಗಳ ದಾಟುವವರೆಗೆ ಎರಡೂ ಕಾಲುಗಳನ್ನು ನೆಲಕ್ಕೆ ತಾಗಿಸಿಕೊಂಡು, ದೋಣಿಗೆ ಹುಟ್ಟು ಹಾಕಿದಂತೆ ತಳ್ಳಿಕೊಂಡು ಹೋಗುವವರನ್ನು ನೀವು ನೋಡಿಯೇ ಇದ್ದೀರಿ. ನಾನೂ ನೋಡಿದ್ದೇನೆ. ಹಿಂದೆ ಒಬ್ಬರು ಕುಳಿತಿರುತ್ತಾರೆ, ಮುಂದೆ ಕಾಲಿಡುವ ಜಾಗದಲ್ಲಿ ಚೀಲವಿರುತ್ತದೆ. ಇಂಡಿಕೇಟರ್ ಹಾಕಲು ಹೋಗಿ ಹಾರ್ನ್ ಒತ್ತುತ್ತ ಅವರು ಮುಖ್ಯರಸ್ತೆಗೆ ಇಳಿಯುತ್ತಾರೆ. ಆ ಹೊತ್ತಿಗೆ ನೀವು ಮುಂದಿನ ಗಿರಾಕಿಯ ಪಾಸ್‌ಪೋರ್ಟ್ ತೆರೆದಿರುತ್ತೀರಿ.

ಗೇರಿಲ್ಲದ ಸ್ಕೂಟರ್ ಬಹಳ ಸುಲಭ ಎಂಬ ಮಾತು ನಿಮ್ಮ ಕಸುಬಿನಲ್ಲಿ ಎಲ್ಲರ ಬಾಯಲ್ಲೂ ಇದೆ. ಹೊರಡಿಸುವುದು ಸುಲಭ, ನಿಜ. ಕಷ್ಟ ಎದುರಾಗುವುದು ಗಾಬರಿಯಾದಾಗ. ಸ್ಕೂಟರಿನಲ್ಲಿ ಆಕ್ಸಿಲರೇಟರ್ ಇರುವುದು ಬಲಗೈ ಹಿಡಿಯಲ್ಲಿ. ಅದೇ ಕೈಯ ಬೆರಳುಗಳಿಗೆ ಬ್ರೇಕಿನ ಲಿವರ್ ಸಿಗುತ್ತದೆ. ಎದುರಿಗೆ ಏನೋ ಅಡ್ಡ ಬಂತು ಎಂದಾಗ ಕಲಿಯದ ಕೈ ಮುಷ್ಟಿ ಬಿಗಿಯುತ್ತದೆ, ಬಿಗಿದ ಮುಷ್ಟಿ ಹಿಡಿಯನ್ನು ತನ್ನತ್ತ ತಿರುಗಿಸುತ್ತದೆ, ಗಾಡಿ ಮುಂದಕ್ಕೆ ಜಿಗಿಯುತ್ತದೆ. ಜಿಗಿದ ಗಾಡಿಯ ಮೇಲೆ ದೇಹ ಹಿಂದಕ್ಕೆ ವಾಲುತ್ತದೆ. ವಾಲಿದಷ್ಟೂ ಮಣಿಕಟ್ಟು ಇನ್ನಷ್ಟು ತಿರುಗುತ್ತದೆ. ಗೇರಿನ ಬೈಕಾದರೆ ಕ್ಲಚ್ ಒತ್ತಿ ಎಂಜಿನ್ನಿನ ಬಲವನ್ನು ಚಕ್ರಕ್ಕೆ ಹೋಗದಂತೆ ತಡೆಯಬಹುದು. ಸ್ಕೂಟರಿನಲ್ಲಿ ಕೈಗೆ ಸಿಗುವ ಕ್ಲಚ್ಚೇ ಇಲ್ಲ. ಹಿಡಿಯನ್ನು ಬಿಡುವುದೊಂದೇ ದಾರಿ, ಹೆದರಿದ ಕೈ ಬಿಡದಿರುವುದೂ ಅದನ್ನೇ.

ಬ್ರೇಕಿನ ಕಥೆಯೂ ಹಾಗೆಯೇ. ಬ್ರೇಕ್ ಹಾಕಿದಾಗ ಭಾರವೆಲ್ಲ ಮುಂದಿನ ಚಕ್ರದ ಮೇಲೆ ಬೀಳುತ್ತದೆ. ಆದ್ದರಿಂದ ಒಣ ರಸ್ತೆಯಲ್ಲಿ ನೇರವಾಗಿ ಸಾಗುವಾಗ ಗಾಡಿಯನ್ನು ನಿಲ್ಲಿಸುವ ಹೆಚ್ಚಿನ ಶಕ್ತಿ ಮುಂದಿನ ಬ್ರೇಕಿನದು. ಆದರೆ ಅದೇ ಬ್ರೇಕನ್ನು ತಿರುವಿನಲ್ಲಿ, ಜಲ್ಲಿಯ ಮೇಲೆ, ಕಡಲ ದಂಡೆಯ ರಸ್ತೆಗೆ ಹರಡಿದ ತೆಳು ಮರಳಿನ ಮೇಲೆ ತಟ್ಟನೆ ಹಿಡಿದರೆ ಚಕ್ರ ಜಾರಿ, ಸವಾರ ನೆಲಕ್ಕೆ ಬಿದ್ದಿರುತ್ತಾನೆ. ಸ್ಕೂಟರಿನ ಚಕ್ರಗಳು ಚಿಕ್ಕವು; ದೊಡ್ಡ ಚಕ್ರ ದಾಟಿ ಹೋಗುವ ಗುಂಡಿಯಲ್ಲಿ ಇವು ಸಿಕ್ಕಿಬೀಳುತ್ತವೆ. ಹಿಂಬದಿಯಲ್ಲಿ ಇನ್ನೊಬ್ಬರು ಕುಳಿತರೆ ನಿಲ್ಲಿಸಲು ಬೇಕಾಗುವ ದೂರ, ತಿರುಗಿಸುವ ರೀತಿ, ನಿಧಾನಗತಿಯ ಸಮತೋಲ ಎಲ್ಲವೂ ಬದಲಾಗುತ್ತವೆ. ಇವೆಲ್ಲ ಓದಿ ತಿಳಿಯುವ ವಿಷಯಗಳಲ್ಲ, ಕೈಗೆ ರೂಢಿಯಾಗಬೇಕಾದವು. ಲೈಸೆನ್ಸ್ ಪರೀಕ್ಷೆಯಲ್ಲಿ ಎಂಟರ ಆಕಾರದಲ್ಲಿ ಕಾಲು ಊರದೆ ಓಡಿಸಿ ತೋರಿಸಿ ಎನ್ನುವುದಕ್ಕೆ ಅರ್ಥವಿದೆ.

ಅಮೆರಿಕದ ದಕ್ಷಿಣ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಹ್ಯಾರಿ ಹರ್ಟ್ ಅವರ ತಂಡ ಲಾಸ್ ಏಂಜಲಿಸ್ ಸುತ್ತಮುತ್ತ ನಡೆದ 900 ಮೋಟಾರ್‌ಸೈಕಲ್ ಅಪಘಾತಗಳನ್ನು ಸ್ಥಳಕ್ಕೇ ಹೋಗಿ ಪರಿಶೀಲಿಸಿ 1981ರಲ್ಲಿ ವರದಿ ಕೊಟ್ಟಿತು. ಅಪಘಾತಕ್ಕೀಡಾದ ಸವಾರರಲ್ಲಿ ಶೇ 92ರಷ್ಟು ಮಂದಿ ತಾವೇ ಕಲಿತವರು ಅಥವಾ ಮನೆಯವರಿಂದಲೋ ಗೆಳೆಯರಿಂದಲೋ ಕಲಿತವರು. ಅದಕ್ಕಿಂತ ನಿಮಗೆ ಹತ್ತಿರದ ಮಾತು ಇನ್ನೊಂದಿದೆ. ಅರ್ಧಕ್ಕಿಂತ ಹೆಚ್ಚು ಮಂದಿಗೆ ಅಪಘಾತವಾದ ಆ ನಿರ್ದಿಷ್ಟ ಗಾಡಿಯ ಮೇಲೆ ಐದು ತಿಂಗಳ ಅನುಭವವೂ ಇರಲಿಲ್ಲ. ಆದರೆ ಒಟ್ಟಾರೆ ಸವಾರಿಯ ಅನುಭವ ಸರಾಸರಿ ಮೂರು ವರ್ಷದ ಹತ್ತಿರವಿತ್ತು. ಅಂದರೆ ಓಡಿಸಲು ಬಲ್ಲವರಿಗೂ ಗುರುತಿಲ್ಲದ ಗಾಡಿ ಅಪಾಯದ್ದೇ. ನಿಮ್ಮ ಅಂಗಡಿಯಿಂದ ಹೊರಡುವ ಪ್ರತಿಯೊಬ್ಬರಿಗೂ ಗಾಡಿ ಹೊಸದು. ಎಷ್ಟೋ ಜನರಿಗೆ ರಸ್ತೆಯ ಬದಿಯೂ ಹೊಸದು. ಬಲಬದಿಯಲ್ಲಿ ಓಡಿಸಿ ರೂಢಿಯಾದವರು ಎಡಬದಿಯ ದೇಶಕ್ಕೆ ಬಂದಿರುತ್ತಾರೆ, ನಾಲ್ಕು ರಸ್ತೆ ಕೂಡುವಲ್ಲಿ ತಪ್ಪು ದಿಕ್ಕಿಗೆ ಮೊದಲು ಕತ್ತು ತಿರುಗಿಸುತ್ತಾರೆ. ಇದರ ಮೇಲೆ ಸವಾರಿಯೇ ಹೊಸದಾದರೆ ಉಳಿಯುವುದೇನು?

ಈಗ ಕಾಗದದ ವಿಷಯ. ಲೈಸೆನ್ಸ್ ಕೇಳುವ ಕೆಲವರು ನಿಮ್ಮಲ್ಲಿದ್ದೀರಿ ಎಂಬುದು ನನಗೆ ಗೊತ್ತು. ಅವರಲ್ಲೂ ಬಹಳ ಜನ ಕಾರಿನ ಲೈಸೆನ್ಸ್ ನೋಡಿ ತಲೆಯಾಡಿಸುತ್ತೀರಿ. ಕಾರಿನದು ಬೇರೆ, ದ್ವಿಚಕ್ರದ್ದು ಬೇರೆ. 1968ರ ವಿಯೆನ್ನಾ ರಸ್ತೆ ಸಂಚಾರ ಒಪ್ಪಂದದ ವರ್ಗೀಕರಣದಲ್ಲಿ ಮೋಟಾರ್‌ಸೈಕಲ್‌ಗೆ 'ಎ', ಕಾರಿಗೆ 'ಬಿ'. 125 ಸಿಸಿ ಸ್ಕೂಟರ್ 'ಎ' ಕುಟುಂಬಕ್ಕೆ ಸೇರಿದ್ದು. ಸ್ಪೇನ್, ಇಟಲಿಯಂತಹ ದೇಶಗಳಲ್ಲಿ ಕಾರಿನ ಲೈಸೆನ್ಸ್ ಇದ್ದವರಿಗೆ 125 ಸಿಸಿವರೆಗಿನ ಗಾಡಿ ಓಡಿಸಲು ಷರತ್ತಿನ ಮೇಲೆ ಅವಕಾಶವಿದೆ. ಆದರೆ ಅದು ಆ ದೇಶದ ಗಡಿಯೊಳಗಿನ ಸವಲತ್ತು, ಗಡಿ ದಾಟಿದರೆ ಇಲ್ಲ. ಹಾಗಾಗಿ ಒಬ್ಬ ಪ್ರವಾಸಿ "ನಮ್ಮ ದೇಶದಲ್ಲಿ ಇದೇ ಲೈಸೆನ್ಸಿನಲ್ಲಿ ಓಡಿಸುತ್ತೇನೆ" ಎಂದು ಪ್ರಾಮಾಣಿಕವಾಗಿಯೇ ಹೇಳಬಹುದು, ಆದರೂ ನಿಮ್ಮ ರಸ್ತೆಯಲ್ಲಿ ಅವರು ಲೈಸೆನ್ಸ್ ಇಲ್ಲದವರೇ.

ಅಂತರರಾಷ್ಟ್ರೀಯ ಚಾಲನಾ ಪರವಾನಗಿ ಎಂಬ ಪುಸ್ತಿಕೆಯ ಬಗ್ಗೆಯೂ ತಪ್ಪು ತಿಳಿವಳಿಕೆ ಬಹಳ. ಅದು ತನ್ನಷ್ಟಕ್ಕೆ ಲೈಸೆನ್ಸ್ ಅಲ್ಲ. ತಾಯ್ನಾಡಿನ ಲೈಸೆನ್ಸಿನ ವಿವರಗಳನ್ನು ಹಲವು ಭಾಷೆಗಳಲ್ಲಿ ಕೊಡುವ ದಾಖಲೆ. ಮೂಲ ಲೈಸೆನ್ಸ್ ಜೊತೆಗಿಲ್ಲದಿದ್ದರೆ ಅದಕ್ಕೆ ಬೆಲೆಯಿಲ್ಲ. ಮೂಲದಲ್ಲಿ ದ್ವಿಚಕ್ರದ ವರ್ಗ ಇಲ್ಲದಿದ್ದರೆ ಪುಸ್ತಿಕೆಯಲ್ಲೂ ಆ ವರ್ಗದ ಎದುರು ಮುದ್ರೆ ಇರುವುದಿಲ್ಲ. ನೀವು ನೋಡಬೇಕಾದದ್ದು ಆ ಮುದ್ರೆಯನ್ನೇ. ಇನ್ನೊಂದು ತೊಡಕೂ ಇದೆ. 1949ರ ಜಿನೀವಾ ಒಪ್ಪಂದದಂತೆ ಕೊಡುವ ಪುಸ್ತಿಕೆ ಒಂದು, 1968ರ ವಿಯೆನ್ನಾ ಒಪ್ಪಂದದಂತೆ ಕೊಡುವುದು ಇನ್ನೊಂದು. ಮೊದಲನೆಯದರ ಅವಧಿ ಒಂದು ವರ್ಷ, ಎರಡನೆಯದು ಗರಿಷ್ಠ ಮೂರು ವರ್ಷದವರೆಗೆ. ಜಪಾನ್ ಒಪ್ಪುವುದು 1949ರದ್ದನ್ನು; ವಿಯೆಟ್ನಾಂ ಒಪ್ಪುವುದು 1968ರದ್ದನ್ನು; ಚೀನಾ ಎರಡನ್ನೂ ಒಪ್ಪುವುದಿಲ್ಲ. ಅಮೆರಿಕ ಮತ್ತು ಆಸ್ಟ್ರೇಲಿಯಾದವರ ಕೈಯಲ್ಲಿರುವುದು 1949ರ ಪುಸ್ತಿಕೆ. ಆದ್ದರಿಂದ ತಮ್ಮ ದೇಶದಲ್ಲಿ ಶುಲ್ಕ ಕಟ್ಟಿ ಎಲ್ಲ ಸರಿಯಾಗಿ ಮಾಡಿಕೊಂಡು ಬಂದೆವೆಂದು ನಂಬಿರುವ ಅವರು ವಿಯೆಟ್ನಾಂ ರಸ್ತೆಯಲ್ಲಿ ಮಾನ್ಯ ದಾಖಲೆಯಿಲ್ಲದೆ ಓಡಾಡುತ್ತಿರುತ್ತಾರೆ. ನಾಲ್ಕು ದಿನಕ್ಕೆ ಬಂದ ಪ್ರವಾಸಿಗೆ ಈ ಒಳಸುಳಿ ತಿಳಿಯದಿರಬಹುದು. ವರ್ಷಪೂರ್ತಿ ಇದೇ ಕೆಲಸ ಮಾಡುವ ನಿಮಗೆ ತಿಳಿದಿರಬೇಕು ಎಂದು ಅಪೇಕ್ಷಿಸುವುದು ಅತಿಯಾಸೆಯೇನಲ್ಲ.

"ಅವರಿಗೆ ಪ್ರವಾಸ ವಿಮೆ ಇರುತ್ತದಲ್ಲ" ಎಂಬ ಸಮಾಧಾನವನ್ನೂ ಕೇಳಿದ್ದೇನೆ. ಈ ನಂಬಿಕೆಯಷ್ಟು ಜನರನ್ನು ಮುಳುಗಿಸಿದ್ದು ಬೇರೊಂದಿಲ್ಲ ಎನ್ನಿಸುತ್ತದೆ ನನಗೆ. ಸಾಮಾನ್ಯವಾಗಿ ಪ್ರವಾಸ ವಿಮೆಯ ಕರಾರಿನಲ್ಲಿ ದ್ವಿಚಕ್ರ ವಾಹನದ ಬಗ್ಗೆ ಪ್ರತ್ಯೇಕ ಷರತ್ತು ಇರುತ್ತದೆ. ಸವಾರನಿಗೆ ಮಾನ್ಯ ಲೈಸೆನ್ಸ್ ಇರಬೇಕು, ಹೆಲ್ಮೆಟ್ ಧರಿಸಿರಬೇಕು, ಎಂಜಿನ್ ಇಂತಿಷ್ಟು ಸಿಸಿ ಮೀರಬಾರದು. ಕಾಲು ಮುರಿದು ಆಸ್ಪತ್ರೆಗೆ ಸೇರಿದವರ ಮನೆಯವರು ಸಾವಿರಾರು ಮೈಲಿ ದೂರದಿಂದ ಕರೆ ಮಾಡಿದಾಗ ವಿಮಾ ಕಂಪನಿ ಮೊದಲು ಕೇಳುವ ಕಾಗದಗಳಲ್ಲಿ ಪೊಲೀಸ್ ವರದಿಯೂ ಲೈಸೆನ್ಸಿನ ಪ್ರತಿಯೂ ಸೇರಿರುತ್ತವೆ. ಲೈಸೆನ್ಸ್ ಇಲ್ಲ ಎಂದಾದರೆ ಶಸ್ತ್ರಚಿಕಿತ್ಸೆಯ ಖರ್ಚು, ತುರ್ತು ನಿಗಾ ಘಟಕದ ಖರ್ಚು, ವೈದ್ಯರ ಜೊತೆ ವಿಮಾನದಲ್ಲಿ ಊರಿಗೆ ಕರೆತರುವ ಖರ್ಚು ಎಲ್ಲವೂ ಕುಟುಂಬದ ಹೆಗಲಿಗೆ ಬೀಳುತ್ತದೆ. ಮನೆ ಅಡವಿಡುವವರಿದ್ದಾರೆ, ಜನರ ಮುಂದೆ ಚಂದಾ ಎತ್ತುವವರಿದ್ದಾರೆ. ಇದನ್ನು ಕೀ ಕೊಡುವ ಮುಂಚೆ ಒಂದೇ ಒಂದು ವಾಕ್ಯದಲ್ಲಿ ನೀವು ಹೇಳಬಹುದಿತ್ತು.

ಇಷ್ಟು ಹೊತ್ತು ಪ್ರವಾಸಿಯ ಬಗ್ಗೆಯೇ ಮಾತಾಡಿದೆ. ಅವರು ತಿಳಿದೋ ತಿಳಿಯದೆಯೋ ತಾವೇ ಆರಿಸಿಕೊಂಡ ಅಪಾಯ ಅದು. ಏನನ್ನೂ ಆರಿಸಿಕೊಳ್ಳದೆ ಪೆಟ್ಟು ತಿನ್ನುವವರು ರಸ್ತೆಯ ಅಂಚಿನಲ್ಲಿದ್ದಾರೆ. ಶಾಲೆ ಬಿಟ್ಟು ಮನೆಗೆ ನಡೆಯುವ ಮಗು, ಗಾಡಿ ತಳ್ಳಿಕೊಂಡು ಹೋಗುವ ವ್ಯಾಪಾರಿ, ಕೋಲೂರಿಕೊಂಡು ರಸ್ತೆ ದಾಟುವ ಮುದುಕಿ. ಇವರು ನಿಮ್ಮ ಊರಿನವರು, ನಿಮ್ಮ ನೆರೆಹೊರೆಯವರು. ವಿಶ್ವ ಆರೋಗ್ಯ ಸಂಸ್ಥೆ 2023ರಲ್ಲಿ ಹೊರತಂದ ವರದಿಯ ಪ್ರಕಾರ ಜಗತ್ತಿನಲ್ಲಿ ವರ್ಷಕ್ಕೆ ಸುಮಾರು 11.9 ಲಕ್ಷ ಜನ ರಸ್ತೆಯಲ್ಲಿ ಸಾಯುತ್ತಾರೆ. ಅವರಲ್ಲಿ ಶೇ 23ರಷ್ಟು ಪಾದಚಾರಿಗಳು. ಡಿಕ್ಕಿ ಹೊಡೆದ ಪ್ರವಾಸಿಗೆ ವಿಮೆಯ ರಕ್ಷಣೆ ಇಲ್ಲ, ಕೈಯಲ್ಲಿ ಹಣವಿಲ್ಲ, ವೀಸಾ ಅವಧಿ ಮುಗಿಯುತ್ತ ಬಂದಿದೆ ಎಂದುಕೊಳ್ಳಿ. ಬಿದ್ದವರ ಆಸ್ಪತ್ರೆ ಖರ್ಚು ಯಾರು ಕೊಡಬೇಕು? ಆ ಕುಟುಂಬದವರು ಕೊನೆಗೆ ಬಂದು ನಿಲ್ಲುವುದು ಗಾಡಿಯ ನೋಂದಣಿ ಪತ್ರದಲ್ಲಿ ಹೆಸರಿರುವ ನಿಮ್ಮ ಬಾಗಿಲಿಗೇ.

ಕಾನೂನು ಕೂಡ ಹಲವು ದೇಶಗಳಲ್ಲಿ ನಿಮ್ಮ ಬಾಗಿಲಿಗೇ ಬರುತ್ತದೆ. ಭಾರತದ 1988ರ ಮೋಟಾರು ವಾಹನ ಕಾಯ್ದೆಯ 5ನೇ ಕಲಮಿನಂತೆ ಲೈಸೆನ್ಸ್ ಇಲ್ಲದವರಿಗೆ ವಾಹನ ಓಡಿಸಲು ಮಾಲೀಕ ಅವಕಾಶ ಕೊಡುವಂತಿಲ್ಲ. ಕೊಟ್ಟರೆ 180ನೇ ಕಲಮಿನಡಿ ದಂಡದ ಜೊತೆಗೆ ಮೂರು ತಿಂಗಳವರೆಗಿನ ಜೈಲು ಶಿಕ್ಷೆಗೂ ಅವಕಾಶವಿದೆ. ಬ್ರಿಟನ್ನಿನ ರಸ್ತೆ ಸಂಚಾರ ಕಾಯ್ದೆಯೂ 1988ರದ್ದೇ. ಅದರ 87ನೇ ಕಲಮೂ ಲೈಸೆನ್ಸ್ ಇಲ್ಲದೆ ಓಡಿಸುವುದನ್ನೂ, ಓಡಿಸಲು ಬಿಡುವುದನ್ನೂ ಅಪರಾಧವೆಂದೇ ಹೇಳುತ್ತದೆ. ಭಾರತದ ಸುಪ್ರೀಂ ಕೋರ್ಟ್ 2004ರ ತೀರ್ಪೊಂದರಲ್ಲಿ, ಇಂತಹ ಅಪಘಾತದಲ್ಲಿ ಗಾಯಗೊಂಡವರಿಗೆ ವಿಮಾ ಕಂಪನಿಯಿಂದ ಮೊದಲು ಪರಿಹಾರ ಕೊಡಿಸಿ, ಬಳಿಕ ಆ ಮೊತ್ತವನ್ನು ಮಾಲೀಕನಿಂದ ವಸೂಲಿ ಮಾಡಿಕೊಳ್ಳಲು ದಾರಿ ತೋರಿಸಿತು. ಚಾಲಕನ ಲೈಸೆನ್ಸಿನ ವಿಷಯದಲ್ಲಿ ಮಾಲೀಕ ತಕ್ಕಷ್ಟು ಎಚ್ಚರ ವಹಿಸಿದ್ದನೇ ಎಂಬುದನ್ನು ಅಲ್ಲಿ ಮುಖ್ಯವಾಗಿ ನೋಡಲಾಯಿತು. ಗೀರುಗಳ ವಿಡಿಯೊ ಇಟ್ಟುಕೊಂಡು ಲೈಸೆನ್ಸಿನ ಫೋಟೊ ಇಟ್ಟುಕೊಳ್ಳದ ಮಾಲೀಕ ಆ ಪ್ರಶ್ನೆಗೆ ಏನು ಉತ್ತರ ಕೊಡಬಲ್ಲ?

ನಿಮ್ಮ ಆಕ್ಷೇಪ ನನಗೆ ಗೊತ್ತಿದೆ. ನಾನು ಇಲ್ಲವೆಂದರೆ ಪಕ್ಕದ ಅಂಗಡಿಯವನು ಕೊಡುತ್ತಾನೆ, ಗಿರಾಕಿಯೂ ಹೋದ, ಬಾಡಿಗೆಯೂ ಹೋಯಿತು. ಇದು ಸುಳ್ಳಲ್ಲ. ನಿಯಮ ಪಾಲಿಸುವವನು ಒಬ್ಬನೇ ಆದರೆ ನಷ್ಟ ಅವನೊಬ್ಬನದೇ. ಹಾಗಾಗಿಯೇ ಈ ಪತ್ರವನ್ನು ಒಬ್ಬರಿಗೆ ಬರೆಯದೆ ಎಲ್ಲರಿಗೂ ಬರೆಯುತ್ತಿದ್ದೇನೆ. ಒಂದು ಬೀದಿಯ ಮಾಲೀಕರು ಕೂತು ಮಾತಾಡಿ, ಲೈಸೆನ್ಸ್ ಇಲ್ಲದೆ ಯಾರೂ ಕೊಡುವುದಿಲ್ಲ ಎಂದು ಒಪ್ಪಂದ ಮಾಡಿಕೊಂಡರೆ ಆ ಬೀದಿಯಲ್ಲಿ ಯಾರಿಗೂ ನಷ್ಟವಿಲ್ಲ. ನೀವಾಗಿಯೇ ಮಾಡದಿದ್ದರೆ ಸರ್ಕಾರ ತನ್ನ ರೀತಿಯಲ್ಲಿ ಮಾಡುತ್ತದೆ. 2023ರ ಮಾರ್ಚ್‌ನಲ್ಲಿ ಬಾಲಿಯ ಗವರ್ನರ್ ವಯನ್ ಕೋಸ್ಟರ್ ವಿದೇಶಿ ಪ್ರವಾಸಿಗರಿಗೆ ಮೋಟಾರ್‌ಸೈಕಲ್ ಬಾಡಿಗೆಯನ್ನೇ ನಿಷೇಧಿಸುವ ಪ್ರಸ್ತಾಪ ಮುಂದಿಟ್ಟರು. ಪ್ರವಾಸಿಗರು ಹೆಲ್ಮೆಟ್ ಇಲ್ಲದೆ, ಲೈಸೆನ್ಸ್ ಇಲ್ಲದೆ ಓಡಾಡುತ್ತಿದ್ದುದೇ ಅದಕ್ಕೆ ಅವರು ಕೊಟ್ಟ ಕಾರಣ. ಅಂತಹ ನಿಷೇಧ ಬಂದರೆ ಸರಿಯಾದ ಕಾಗದ ಇಟ್ಟುಕೊಂಡು ಬರುವ ನನ್ನಂಥವರಿಗೂ ಸ್ಕೂಟರ್ ಸಿಗುವುದಿಲ್ಲ, ನಿಮಗೂ ಅಂಗಡಿ ಉಳಿಯುವುದಿಲ್ಲ.

ಲೈಸೆನ್ಸ್ ಇಲ್ಲದೆ ಬಂದವರನ್ನು ಬರಿಗೈಯಲ್ಲಿ ಕಳಿಸಿ ಎಂದೂ ನಾನು ಹೇಳುತ್ತಿಲ್ಲ. ಅವರಿಗೆ ಬೇಕಾದದ್ದು ಊರು ನೋಡುವುದು. ಓಡಿಸುವವರ ಸಮೇತ ಗಾಡಿ ಕೊಡಿ, ಸ್ಥಳೀಯ ಹುಡುಗರಿಗೂ ಕೆಲಸ ಸಿಗುತ್ತದೆ. ಸೈಕಲ್ ಇಡಿ. ಪೆಡಲ್ ತುಳಿದಾಗ ಮಾತ್ರ ನೆರವಾಗುವ ವಿದ್ಯುತ್ ಸೈಕಲ್ ಇಡಿ. ಐರೋಪ್ಯ ಒಕ್ಕೂಟದಲ್ಲಿ ಮೋಟಾರು 250 ವ್ಯಾಟ್ ಮೀರದೆ, ಗಂಟೆಗೆ 25 ಕಿಲೋಮೀಟರ್ ತಲುಪಿದೊಡನೆ ನೆರವು ನಿಲ್ಲುವಂತಿದ್ದರೆ ಅದನ್ನು ಸೈಕಲ್ ಎಂದೇ ಎಣಿಸುತ್ತಾರೆ. ನಿಮ್ಮ ದೇಶದ ಮಿತಿ ಬೇರೆ ಇರಬಹುದು, ಅದನ್ನು ವಿಚಾರಿಸಿಕೊಳ್ಳಿ. ಒಂದು ಮಾತ್ರ ಮಾಡಬೇಡಿ. ಅಂಗಳದಲ್ಲಿ ಎರಡು ಸುತ್ತು ಹಾಕಿಸಿ, "ಸಾಕು, ಕಲಿತಿರಿ" ಎಂದು ರಸ್ತೆಗೆ ಬಿಡಬೇಡಿ. ಅದು ಕಲಿಕೆಯಲ್ಲ. ಅದರಿಂದ ಬರುವ ಧೈರ್ಯ ಅಂಜಿಕೆಗಿಂತ ಹೆಚ್ಚು ಅಪಾಯಕಾರಿ.

ಪೊಲೀಸರಿಗೂ ವಿಮಾ ಕಂಪನಿಗಳಿಗೂ ಇಲ್ಲಿಯೇ ಒಂದೊಂದು ಮಾತು. ಲೈಸೆನ್ಸ್ ಇಲ್ಲದ ಪ್ರವಾಸಿಯಿಂದ ರಸ್ತೆ ಬದಿಯಲ್ಲಿ ದಂಡ ವಸೂಲು ಮಾಡಿ ಮತ್ತೆ ಅದೇ ಗಾಡಿಯಲ್ಲಿ ಮುಂದಕ್ಕೆ ಕಳಿಸಿದರೆ, ದಂಡವೆಂಬುದು ಬಾಡಿಗೆಯ ಇನ್ನೊಂದು ಕಂತಾಗುತ್ತದೆ. ಗಾಡಿಯನ್ನು ಅಲ್ಲೇ ನಿಲ್ಲಿಸಿಕೊಳ್ಳಿ, ಮಾಲೀಕನೇ ಬಂದು ಒಯ್ಯಲಿ. ವಿಮೆ ಮಾರುವವರು ದ್ವಿಚಕ್ರದ ಷರತ್ತನ್ನು ಕರಾರಿನ ಮೊದಲ ಪುಟದಲ್ಲಿ ದಪ್ಪಕ್ಷರದಲ್ಲಿ ಅಚ್ಚು ಹಾಕಿಸಲಿ.

ಹೆಲ್ಮೆಟ್ ಬಗ್ಗೆ ಹೇಳದೆ ಹೋದರೆ ಪತ್ರ ಅಪೂರ್ಣ. ಮೊಳೆಗೆ ನೇತುಹಾಕಿದ ಆ ಹೆಲ್ಮೆಟ್‌ಗಳಲ್ಲಿ ಎಷ್ಟೋ ಬಾರಿ ಪಟ್ಟಿಯ ಕೊಂಡಿ ಮುರಿದಿರುತ್ತದೆ, ಒಳಗಿನ ಥರ್ಮೋಕೋಲ್ ಪದರ ಒಡೆದಿರುತ್ತದೆ, ಎಲ್ಲ ತಲೆಗೂ ಒಂದೇ ಅಳತೆ. ಸರಿಯಾದ ಹೆಲ್ಮೆಟ್ ಅಪಘಾತದಲ್ಲಿ ಸಾವಿನ ಸಂಭವವನ್ನು ಶೇ 42ರಷ್ಟು, ತಲೆಪೆಟ್ಟಿನ ಸಂಭವವನ್ನು ಶೇ 69ರಷ್ಟು ತಗ್ಗಿಸುತ್ತದೆ ಎಂದು ಹಲವು ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದ ಕಾಕ್ರೇನ್ ಸಮೀಕ್ಷೆ ಕಂಡುಕೊಂಡಿದೆ. ಬಿದ್ದೊಡನೆ ತಲೆಯಿಂದ ಕಳಚಿ ಉರುಳುವ ಹೆಲ್ಮೆಟ್‌ಗೆ ಈ ಲೆಕ್ಕ ಅನ್ವಯಿಸುವುದಿಲ್ಲ. ಗಾಡಿಯ ಗೀರು ಹುಡುಕುವಷ್ಟೇ ನಿಷ್ಠೆಯಿಂದ ಹೆಲ್ಮೆಟ್‌ನ ಬಿರುಕು ಹುಡುಕಿ. ಹಿಂಬದಿಯಲ್ಲಿ ಕೂರುವವರಿಗೂ ಒಂದು ಕೊಡಿ.

ಇನ್ನು ಪಾಸ್‌ಪೋರ್ಟ್. ಅದನ್ನು ಒತ್ತೆ ಇಟ್ಟುಕೊಳ್ಳುವ ಪದ್ಧತಿಯನ್ನು ಬಿಟ್ಟುಬಿಡಿ. ಬ್ರಿಟನ್, ಆಸ್ಟ್ರೇಲಿಯಾದಂತಹ ದೇಶಗಳ ಸರ್ಕಾರಗಳು ಬಾಡಿಗೆ ಗಾಡಿಗೆ ಪಾಸ್‌ಪೋರ್ಟ್ ಒತ್ತೆ ಇಡಬೇಡಿ ಎಂದು ತಮ್ಮ ಪ್ರಜೆಗಳಿಗೆ ಸ್ಪಷ್ಟವಾಗಿಯೇ ಹೇಳುತ್ತವೆ. ಅಪಘಾತವಾಗಿ ಆಸ್ಪತ್ರೆಗೆ ಸೇರಿದಾಗ, ರಾಯಭಾರ ಕಚೇರಿಗೆ ಓಡಬೇಕಾದಾಗ, ಪಾಸ್‌ಪೋರ್ಟ್ ನಿಮ್ಮ ಡ್ರಾಯರಿನಲ್ಲಿದ್ದರೆ ಆ ಮನುಷ್ಯ ಕೈಕಟ್ಟಿ ಕೂರಬೇಕಾಗುತ್ತದೆ. ಠೇವಣಿ ತೆಗೆದುಕೊಳ್ಳಿ, ಪಾಸ್‌ಪೋರ್ಟಿನ ಪ್ರತಿ ಇಟ್ಟುಕೊಳ್ಳಿ, ಅದರ ಜೊತೆಯಲ್ಲಿ ಲೈಸೆನ್ಸಿನ ಎರಡೂ ಬದಿಯ ಫೋಟೊ ತೆಗೆದಿಡಿ. ಗೀರುಗಳ ವಿಡಿಯೊ ತೆಗೆಯುವ ಅದೇ ಮೊಬೈಲಿನಲ್ಲಿ ಈ ಕೆಲಸಕ್ಕೆ ಅರ್ಧ ನಿಮಿಷ ಬೇಕು. ನಿಮ್ಮ ದೇಶದಲ್ಲಿ ಯಾವ ಪುಸ್ತಿಕೆ ನಡೆಯುತ್ತದೆ, ಯಾವ ವರ್ಗದ ಎದುರು ಮುದ್ರೆ ಇರಬೇಕು ಎಂಬುದನ್ನು ಪ್ರವಾಸಿಗರಿಗೆ ಅರ್ಥವಾಗುವ ನಾಲ್ಕಾರು ಭಾಷೆಗಳಲ್ಲಿ ಬರೆಸಿ, ಬಾಡಿಗೆ ದರದ ಫಲಕದ ಪಕ್ಕದಲ್ಲೇ ತೂಗುಹಾಕಿ. ಹಾಗೆ ಮಾಡಿದರೆ ಸರದಿಯಲ್ಲಿ ನಿಂತವರು ಕೌಂಟರ್ ತಲುಪುವ ಮೊದಲೇ ಜೇಬಿನಿಂದ ಲೈಸೆನ್ಸ್ ತೆಗೆದಿರುತ್ತಾರೆ, ಇಲ್ಲದವರು ಸೈಕಲ್ ಎಲ್ಲಿದೆ ಎಂದು ಕೇಳುತ್ತಾರೆ.

ಇಂತಿ,
ನಿಮ್ಮ ಗಿರಾಕಿಗಳಲ್ಲಿ ಒಬ್ಬ